ನಾಲ್ಕು ದಿನದ ಗಂಜಿ

ಸೊರಬ
8 ಜನವರಿ 2025

ಮಾನ್ಯ ಮುನಾಫ್ ಸಾಹೇಬರಿಗೆ ನಮಸ್ಕಾರ.

ನೀವು ನನ್ನನ್ನು ಕಂಡವರಲ್ಲ. ನಾನು ಧನ್ಯಾ, ಸೊರಬದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕಿ. ಹೋದ ವಾರ ಗೆಳತಿಯ ಮಗುವಿನ ತೊಟ್ಟಿಲು ಶಾಸ್ತ್ರಕ್ಕೆಂದು ಈಸೂರಿಗೆ ಬಂದಿದ್ದೆ. ಊರ ಹೊರಗೆ ನಿಮ್ಮ ಯಂತ್ರ ಬಾವಿ ಕೊರೆಯುತ್ತಿತ್ತು. ಎಲ್ಲರೂ ಗಾಳಿ ಊದಿ ಕೊರೆಯುವ ಈ ಕಾಲದಲ್ಲಿ ನೀವು ಕೆಸರು ನೀರು ಸುತ್ತಿಸಿ ಕೊರೆಯುತ್ತಿದ್ದಿರಿ! ನಾನು ತೊಟ್ಟಿಲು ಮರೆತು ಅಲ್ಲೇ ಎರಡು ಗಂಟೆ ನಿಂತುಬಿಟ್ಟೆ. ನಿಮ್ಮನ್ನು ಮಾತನಾಡಿಸಲು ಬಂದಾಗ ನಿಮ್ಮ ಮಗ ಮೊಯಿನ್ ತಡೆದರು. “ಅಬ್ಬಾಗೆ ಮಷಿನ್ ಸದ್ದಿಗೆ ಕಿವಿ ಹೋಗ್ಬಿಟ್ಟಾವ್ರೀ. ಫೋನೂ ಕೇಳಂಗಿಲ್ಲ. ಕಾಗದ ಬರೀರಿ, ಕೂತ್ಕಂಡು ಓದ್ತಾರೆ” ಎಂದರು. ಆದ್ದರಿಂದ ಈ ಕಾಗದ.

ನನ್ನ ಆರು ವರ್ಷದ ಸಂಶೋಧನೆ ನಿಮ್ಮ ಆ ಕೆಸರಿನ ಬಗ್ಗೆಯೇ. ಕೊರೆಯುವಾಗ ಕುಳಿಯ ಗೋಡೆ ಕುಸಿಯದಿರಲಿ ಎಂದು ನೀವು ನೀರಿಗೆ ಬೆಂಟೊನೈಟ್ ಮಣ್ಣು ಕಲಸುತ್ತೀರಿ. ನಾನು ತಾಳಗುಂದದ ನಮ್ಮ ಮಾವ ಮಲ್ಲಿಕಾರ್ಜುನ್ ಬೆಳೆದ ಮೆಕ್ಕೆಜೋಳದಿಂದ ಪಿಷ್ಟ ತೆಗೆದು, ಅದರ ಗುಣ ಬದಲಿಸಿ ಒಂದು ಪುಡಿ ಮಾಡಿದ್ದೇನೆ. ಅದು ನೀರನ್ನು ಮಂದ ಮಾಡುತ್ತದೆ, ಗೋಡೆಗೆ ತೆಳ್ಳಗೆ ಪೊರೆಯಾಗಿ ಅಂಟಿ ನೀರು ಸೋರದಂತೆ ಹಿಡಿಯುತ್ತದೆ. ಎಣ್ಣೆ ಬಾವಿ ಕೊರೆಯುವವರಿಗೆಂದು ಮಾಡಿದ್ದು.

ಮಾರ್ಚ್ 26ಕ್ಕೆ ಪರೀಕ್ಷಕರ ಸಮಿತಿ ಕೂರುತ್ತದೆ. ಅವರ ತಕರಾರು ಒಂದೇ: ನನ್ನ ಲೆಕ್ಕವೆಲ್ಲ ಗಾಜಿನ ಜಾಡಿಯದು, ಒಂದಾದರೂ ನಿಜವಾದ ಕುಳಿಯಲ್ಲಿ ಪುಡಿ ಕೆಲಸ ಮಾಡಿದ್ದನ್ನು ತೋರಿಸದಿದ್ದರೆ ಪ್ರಬಂಧ ಮುಂದೆ ಹೋಗುವುದಿಲ್ಲ. ಸಾಹೇಬರೇ, ಸುತ್ತ ನೂರು ಮೈಲಿಯಲ್ಲಿ ನನಗೆ ಗೊತ್ತಿರುವ ಕೆಸರಿನ ಯಂತ್ರ ನಿಮ್ಮದೊಂದೇ. ಬಸ್ ಕಂಡಕ್ಟರ್ ಮಾಳೇಶನ ಕೈಯಲ್ಲಿ ಮೂರು ಕಿಲೋ ಕಳಿಸಿದ್ದೇನೆ. ದಯವಿಟ್ಟು ನೋಡಿ.

ಧನ್ಯಾ


ಶಿಕಾರಿಪುರ
13 ಜನವರಿ 2025

ಧನ್ಯಾ ಮೇಡಂ ಅವರಿಗೆ ಮುನಾಫ್ ಮಾಡುವ ಸಲಾಂ.

ಪುಡಿ ಬಂತು, ಕಾಗದವೂ ಬಂತು. ಕಾಗದವನ್ನು ಎರಡು ಸಲ ಓದಿದೆ, ಪುಡಿಯನ್ನು ಒಂದೇ ಸಲಕ್ಕೆ ಹಾಳು ಮಾಡಿದೆ.

ತಪ್ಪು ಯಾರದೆಂದು ನೀವೇ ಹೇಳಿ. ಪಿಷ್ಟ ಅಂದರೇನು ಎಂದು ನನ್ನ ಹೆಂಡತಿ ಶಹಜಹಾನ್ ಬೇಗಂಳನ್ನು ಕೇಳಿದೆ. ಗಂಜಿ ಎಂದು ಕಿವಿಯಲ್ಲಿ ಕೂಗಿದಳು. ನನ್ನ ಶುಕ್ರವಾರದ ಜುಬ್ಬಕ್ಕೆ ಮೂವತ್ತು ವರ್ಷದಿಂದ ಗಂಜಿ ಹಾಕುವವಳು, ಆಕೆಗಿಂತ ಬಲ್ಲವರು ಯಾರು? ಬೆಂಕಿ ಕಾಣದ ಗಂಜಿ ಎಲ್ಲಾದರೂ ಉಂಟೇ ಎಂದು ಹಂಡೆಯಲ್ಲಿ ನೀರು ಕುದಿಸಿದೆವು. ಮೂರು ಕಿಲೋ ಪುಡಿಯನ್ನೂ ಒಟ್ಟಿಗೆ ಸುರಿದೆವು. ಬೋಂಡಾದಂಥ ಉಂಡೆಗಳಾದವು ಮೇಡಂ. ಪಂಪಿನ ಬಾಯಿ ಕಟ್ಟಿಕೊಂಡು, ಮೊಯಿನ್ ಅರ್ಧ ದಿನ ಕೈಹಾಕಿ ಕೀಳುತ್ತ ಕೂತ. “ನಿಮ್ ಮೇಡಂ ಗಂಜಿಗೆ ಹಟ ಜಾಸ್ತಿ ಬಿಡ್ರೀ” ಅಂತ ಬೇಗಂ ಇನ್ನೂ ನಗುತ್ತಿದ್ದಾಳೆ.

ಆದರೂ ಒಂದು ಮಾತು. ಉಂಡೆಯೊಂದನ್ನು ಬೆರಳಲ್ಲಿ ಒಡೆದೆ. ಹೊರಗೆ ಜಾರುವ ಪೊರೆ, ಒಳಗೆ ಒಣ ಪುಡಿ. ಅಷ್ಟು ಕುದ್ದರೂ ಆ ಪೊರೆ ದಾಟಿ ಒಂದು ಹನಿ ನೀರು ಒಳಗೆ ಇಳಿದಿರಲಿಲ್ಲ. ಮೂವತ್ತೊಂದು ವರ್ಷದಿಂದ ಕುಳಿಯ ಗೋಡೆಗೆ ಅಂಥದೊಂದು ಪೊರೆ ಸಿಗಲಿ ಎಂದು ಬಡಿದಾಡಿದವನು ನಾನು. ಇನ್ನೊಂದು ಸಲ ಕಳಿಸಿ. ಹೇಗೆ ಕಲಸಬೇಕು ಎಂದೂ ಬರೆಯಿರಿ.

ಮುನಾಫ್


ಸೊರಬ
16 ಜನವರಿ 2025

ಮುನಾಫ್ ಸಾಹೇಬರೇ,

ಸ್ಟಾಫ್ ರೂಮಿನಲ್ಲಿ ನಿಮ್ಮ ಕಾಗದ ಓದುತ್ತ ಜೋರಾಗಿ ನಕ್ಕುಬಿಟ್ಟೆ, ಪ್ರಾಂಶುಪಾಲರು ಇಣುಕಿ ನೋಡಿದರು. ತಪ್ಪು ನನ್ನದೇ. ಪುಡಿ ಆಗಲೇ ಬೆಂದಿರುತ್ತದೆ, ಬೆಂಕಿ ಬೇಡವೇ ಬೇಡ. ತಣ್ಣೀರು ಸಾಕು. ಹಿಟ್ಟಿನ ಜರಡಿಯಲ್ಲಿ ಸ್ವಲ್ಪ ಸ್ವಲ್ಪವೇ ಉದುರಿಸುತ್ತ ಒಬ್ಬರು ತಿರುಗಿಸುತ್ತಲೇ ಇರಬೇಕು. ನೂರು ಲೀಟರಿಗೆ ಒಂದು ಕಿಲೋ. ಅಷ್ಟೆ!

ಸಾದಾ ಪಿಷ್ಟ ತಣ್ಣೀರಲ್ಲಿ ಕರಗದೆ ತಳಕ್ಕೆ ಕೂರುತ್ತದೆ. ಅದರ ಉದ್ದುದ್ದ ಸರಪಳಿಗೆ ನೀರನ್ನು ಕಂಡರೆ ಪ್ರೀತಿಸುವ ಸಣ್ಣ ಸಣ್ಣ ಕೊಂಡಿಗಳನ್ನು ನಾನು ಸೇರಿಸಿದ್ದೇನೆ, ಹಾಗಾಗಿ ಕರಗುತ್ತದೆ. ಕೊನೆಗೆ ಮೂರು ಸಲ ತೊಳೆದಿರುವುದರಿಂದ ಕುಡಿಯುವ ನೀರಿನ ಬಾವಿಗೂ ಭಯವಿಲ್ಲ. ಬರೀ ಬೆಂಟೊನೈಟ್ ಕೆಸರನ್ನು ಸೋಸುಕಾಗದದ ಮೇಲೆ ಒತ್ತಿದರೆ ಅರ್ಧ ಗಂಟೆಯಲ್ಲಿ ಇಪ್ಪತ್ತನಾಲ್ಕು ಮಿಲಿಲೀಟರ್ ನೀರು ಸೋರಿತು. ನನ್ನ ಪುಡಿ ಸೇರಿಸಿದ ಮೇಲೆ ಏಳೇ ಏಳು! ಆ ದಿನ ಲ್ಯಾಬಿನಲ್ಲಿ ಒಬ್ಬಳೇ ಕುಣಿದಿದ್ದೆ, ಯಾರಿಗೂ ಹೇಳಿಲ್ಲ. ನಿಮಗೆ ಹೇಳಿದೆ.

ಬೇಗಂ ಅವರಿಗೆ ನಮಸ್ಕಾರ. ಆರು ಕಿಲೋ ಕಳಿಸಿದ್ದೇನೆ.

ಧನ್ಯಾ


ಶಿಕಾರಿಪುರ
29 ಜನವರಿ 2025

ಮೇಡಂ,

ಬಂತು! ಸರಿ ಬಂತು!

ನಮ್ಮ ಶೆಡ್ಡಿನ ಹಿಂದೆಯೇ ಐವತ್ತಡಿ ಕೊರೆದೆವು. ಬೇಗಂ ಜರಡಿ ಹಿಡಿದಳು, ಮೊಯಿನ್ ತಿರುಗಿಸಿದ, ನಾನು ಬರೀ ಬೈಯುತ್ತಿದ್ದೆ. ಒಂದು ಉಂಡೆ ಕಟ್ಟಿದ್ದರೆ ಹೇಳಿ. ಕೆಸರಿನಲ್ಲಿ ಕೈಯದ್ದಿ ಎತ್ತಿದರೆ ಬೆರಳಿಂದ ನೂಲಿನಂತೆ ಇಳಿಯಿತು. ಹರಳು, ಮರಳು ಎಲ್ಲವನ್ನೂ ಮೇಲಕ್ಕೆ ಹೊತ್ತು ತಂದಿತು. ಕುಳಿಯನ್ನು ಎರಡು ದಿನ ಹಾಗೇ ಬಿಟ್ಟು ಅಳೆದೆ, ಐವತ್ತಕ್ಕೆ ಐವತ್ತು ಅಡಿಯೂ ಇತ್ತು. ಬೆಂಟೊನೈಟ್ ಒಂದು ಹಿಡಿಯೂ ಹಾಕಿರಲಿಲ್ಲ ಮೇಡಂ, ಬರೀ ನಿಮ್ಮ ಪುಡಿ!

ನೀವು ಕೇಳಿದ ನಿಜವಾದ ಬಾವಿಗೆ ಒಂದು ಜಾಗ ನನ್ನ ಮನಸ್ಸಿನಲ್ಲಿದೆ. ನಿಮ್ಮ ಸೊರಬದ ಕಡೆಯೇ. ಎಲ್ಲಿ ಎಂದು ಈಗ ಹೇಳುವುದಿಲ್ಲ, ಹೇಳಿದರೆ ನೀವು ನಾಳೆಯೇ ಬಂದು ನಿಲ್ಲುತ್ತೀರಿ. ನಲವತ್ತು ಕಿಲೋ ಬೇಕಾಗುತ್ತದೆ. ಆಗುತ್ತದೆಯೇ?

ಮುನಾಫ್


ಸೊರಬ
12 ಫೆಬ್ರವರಿ 2025

ಮಾನ್ಯರೇ,

ಹೋದ ವಾರ ಮಾಳೇಶನ ಕೈಯಲ್ಲಿ ಕಳಿಸಿದ ನಲವತ್ತು ಕಿಲೋ ಪುಡಿಯನ್ನು ದಯವಿಟ್ಟು ಬಳಸಬೇಡಿ. ಎರಡೂ ಚೀಲಗಳನ್ನು ಅವನ ಬಸ್ಸಿನಲ್ಲೇ ವಾಪಸ್ ಕಳಿಸಿಕೊಡಿ. ಕೆಲವು ಪರೀಕ್ಷೆಗಳು ಬಾಕಿ ಇವೆ. ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ.

ಧನ್ಯಾ


ಶಿಕಾರಿಪುರ
15 ಫೆಬ್ರವರಿ 2025

ಮೇಡಂ ಅವರಿಗೆ,

ನಾಲ್ಕು ಸಾಲಿನ ಕಾಗದ ತಲುಪಿತು. ನನ್ನ ಕಿವಿ ಹೋಗಿದೆ, ತಲೆ ಇನ್ನೂ ನೆಟ್ಟಗಿದೆ. ಯಾವುದೋ ಎಣ್ಣೆ ಕಂಪನಿಯವರು ಬಂದಿರಬೇಕು, ದೊಡ್ಡ ಯಂತ್ರ ತೋರಿಸಿರಬೇಕು. ಶಿಕಾರಿಪುರದ ಕಿವುಡ ಸಾಬನ ತುಕ್ಕು ಹಿಡಿದ ಮಷಿನ್ ಇನ್ನೇಕೆ? ಸಂತೋಷ. ನೀವು ಮುಂದೆ ಬರಬೇಕಾದವರು. ಆದರೆ ಅದನ್ನು ನೇರವಾಗಿ ಬರೆದಿದ್ದರೆ ನನಗೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ಒಂದು ಚೀಲ ಕಳಿಸಿದ್ದೇನೆ. ಇನ್ನೊಂದನ್ನು ಕಳಿಸಲಾರೆ. ಆ ಜಾಗದವರಿಗೆ ಮಾತು ಕೊಟ್ಟಾಗಿದೆ. ಮುನಾಫ್ ಮಾತು ಕೊಟ್ಟು ತಪ್ಪಿದ್ದಿಲ್ಲ.

ಮುನಾಫ್


ಸೊರಬ
18 ಫೆಬ್ರವರಿ 2025

ಸಾಹೇಬರೇ,

ಕಂಪನಿಯೂ ಇಲ್ಲ, ದೊಡ್ಡ ಯಂತ್ರವೂ ಇಲ್ಲ. ಹೇಳಲು ನಾಚಿಕೆಯಾಗಿ ನಾಲ್ಕೇ ಸಾಲು ಬರೆದೆ.

ಕಲಸಿದ ಪುಡಿಯನ್ನು ಬಕೆಟ್ಟಿನಲ್ಲಿ ಮುಚ್ಚಿಟ್ಟಿದ್ದೆ. ಇಷ್ಟು ವರ್ಷ ಕಲಸಿದ ದಿನವೇ ಪರೀಕ್ಷೆ ಮುಗಿಸಿ ಚೆಲ್ಲುತ್ತಿದ್ದೆ, ಇಟ್ಟು ನೋಡಿದವಳೇ ಅಲ್ಲ. ನಾಲ್ಕನೇ ದಿನ ಮುಚ್ಚಳ ತೆಗೆದರೆ ಹುಳಿ ನಾತ. ಗಂಜಿ ನೀರಾಗಿ ಹೋಗಿತ್ತು. ಮತ್ತೆ ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ. ಸೂಕ್ಷ್ಮಜೀವಿಗಳು ತಿಂದು ಹಾಕುತ್ತವೆ. ಎಣ್ಣೆ ಬಾವಿಯಲ್ಲಿ ಕೆಸರು ವಾರಗಟ್ಟಲೆ ನಿಲ್ಲಬೇಕು. ಮಾರ್ಗದರ್ಶಕರು ಪರೀಕ್ಷೆಯ ಹಾಳೆ ನೋಡಿ, “ಇದು ಸತ್ತ ಪುಡಿ ಧನ್ಯಾ. ಸಮಿತಿಯ ಮುಂದೆ ತರಬೇಡ” ಎಂದರು. ಆರು ವರ್ಷ ಸಾಹೇಬರೇ! ಮನೆಗೆ ಹೋಗಿ ಅತ್ತುಬಿಟ್ಟೆ.

ನಿಮ್ಮ ಕುಳಿಯೂ ನಾಲ್ಕನೇ ದಿನಕ್ಕೆ ಕುಸಿಯುತ್ತದೆ. ನನ್ನ ಹೆಸರು ಹೋದರೆ ಹೋಗಲಿ, ನಿಮ್ಮದು ಹೋಗಬಾರದು. ಇದೊಂದನ್ನು ಕೇಳಿಕೊಳ್ಳುತ್ತೇನೆ, ಆ ಚೀಲ ಬಿಚ್ಚಬೇಡಿ.

ಧನ್ಯಾ


ಶಿಕಾರಿಪುರ
19 ಫೆಬ್ರವರಿ 2025

ಧನ್ಯಾ ಅಮ್ಮಾ,

ಅತ್ತದ್ದು ಸಾಕು, ಕಣ್ಣು ಒರೆಸಿಕೊಂಡು ಓದಿ. ಮಾಳೇಶನ ಬಸ್ಸು ಹೊರಡುವುದರೊಳಗೆ ಬರೆದು ಮುಗಿಸಬೇಕು.

ತಾನಾಗಿಯೇ ಹೋಗುತ್ತದೆಯೇ? ಯಾರೂ ಕೀಳದೆ, ತೊಳೆಯದೆ, ನಾಲ್ಕನೇ ದಿನಕ್ಕೆ ನೀರಾಗುತ್ತದೆಯೇ? ಖಂಡಿತವೇ? ಇದನ್ನು ಮೊದಲ ಕಾಗದದಲ್ಲೇ ಬರೆಯಬಾರದಿತ್ತೇ!

ನಿಮಗೆ ಹೇಳದಿದ್ದ ಒಂದು ಮಾತು ನನ್ನಲ್ಲೂ ಇದೆ. ಸೊರಬದಿಂದ ಚಂದ್ರಗುತ್ತಿ ರಸ್ತೆಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಇದೆಯಲ್ಲ, ನಾನು ಮಾತು ಕೊಟ್ಟಿರುವುದು ಅಲ್ಲಿಗೆ, ಮಾರ್ಚ್ ಮೂರರಿಂದ ಕೊರೆಯುತ್ತೇನೆ ಎಂದು. ಅಲ್ಲಿ ಮೇಲಿನ ನೂರಡಿಯೂ ಮೆತ್ತನೆಯ ಶೇಡಿ ಮಣ್ಣು, ಗಾಳಿ ಮಷಿನ್ ಇಟ್ಟರೆ ಕುಳಿ ಕುಸಿಯುತ್ತದೆ. 2019ರಲ್ಲಿ ನಾನೇ ಬೆಂಟೊನೈಟ್ ಹಾಕಿ ನೂರಿಪ್ಪತ್ತಡಿ ಕೊರೆದಿದ್ದೆ. ಗೋಡೆ ಕಲ್ಲಿನಂತೆ ನಿಂತಿತು. ನೀರು ಬರಲಿಲ್ಲ. “ಇಲ್ಲಿ ನೀರಿಲ್ಲ” ಎಂದು ವಾರ್ಡನ್ನರ ಮುಂದೆ ಹೇಳಿ ಮಷಿನ್ ಕಟ್ಟಿಕೊಂಡು ಬಂದೆ. ಆದರೆ ತಳದಲ್ಲಿ ಒದ್ದೆ ಮರಳು ಬಂದದ್ದನ್ನು ನನ್ನ ಕೈ ಕಂಡಿತ್ತು ಅಮ್ಮಾ. ಆರು ವರ್ಷ ಆ ಮರಳು ನನ್ನನ್ನು ಬಿಟ್ಟಿಲ್ಲ. ನೀರು ಇಲ್ಲದೆ ಇರಲಿಲ್ಲ, ನನ್ನ ಬೆಂಟೊನೈಟೇ ಅದರ ಬಾಯಿ ಮುಚ್ಚಿತ್ತೇನೋ.

ಕೊರೆಯಲು ನನಗೆ ಎರಡು ದಿನ. ಮೂರನೇ ದಿನ ಪೈಪು ಇಳಿಸುತ್ತೇನೆ, ಆಮೇಲೆ ಪೈಪೇ ಗೋಡೆ. ನಾಲ್ಕನೇ ದಿನ ಆ ಪೊರೆ ಇರಲೇಬಾರದು! ಎಣ್ಣೆಯವರಿಗೆ ಬೇಡದ್ದು ನೀರಿನವನಿಗೆ ಬೇಕು. ಮರಳಿನ ಮೇಲೆ ಎರಡನ್ನೂ ಹಾಕಿ ನೋಡಿ, ಬೆಂಟೊನೈಟನ್ನೂ ನಿಮ್ಮದನ್ನೂ. ನಾಲ್ಕನೇ ದಿನ ಮರಳಿನ ಬಾಯಿ ತೆರೆಯುವುದು ಯಾವುದರಲ್ಲಿ? ಬೇಗ ಬರೆಯಿರಿ. ಮಾಳೇಶ ಹಾರ್ನ್ ಹೊಡೆಯುತ್ತಿದ್ದಾನಂತೆ, ಮೊಯಿನ್ ಕುಣಿಯುತ್ತಿದ್ದಾನೆ.

ಮುನಾಫ್


ಸೊರಬ
25 ಫೆಬ್ರವರಿ 2025

ಮುನಾಫ್ ಚಾಚಾ,

ಇನ್ನು ಮೇಲೆ ಸಾಹೇಬರೇ ಎಂದು ಬರೆಯಲಾರೆ.

ನಿಮ್ಮ ಕಾಗದ ಬಂದ ಮರುದಿನವೇ ಮರಳು ತುಂಬಿದ ಕೊಳವೆಗಳನ್ನು ನಿಲ್ಲಿಸಿದೆ. ಬರೀ ಮರಳಿನಲ್ಲಿ ಒಂದು ಲೋಟ ನೀರು ಇಳಿಯಲು ನಲವತ್ತು ಸೆಕೆಂಡು. ಬೆಂಟೊನೈಟ್ ಬಳಿದ ಮರಳಿನಲ್ಲಿ ನಾಲ್ಕು ದಿನವಾದ ಮೇಲೂ ಒಂಬತ್ತು ನಿಮಿಷ. ನನ್ನ ಪುಡಿ ಬಳಿದದ್ದು ಮೊದಲ ಮೂರು ದಿನ ಹನಿಯನ್ನೂ ಬಿಡಲಿಲ್ಲ. ನಿನ್ನೆ ಬೆಳಿಗ್ಗೆ ನೀರು ಹೊಯ್ದು ಗಡಿಯಾರ ಹಿಡಿದೆ. ನಲವತ್ತಾರು ಸೆಕೆಂಡು! ನಂಬಿಕೆಯಾಗದೆ ಐದು ಸಲ ಹೊಯ್ದೆ. ಆರು ವರ್ಷ ಇದು ನೀರನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂದೇ ನೋಡಿದೆ, ಯಾವಾಗ ಹೋಗಬೇಕು ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲವಲ್ಲ. ನನ್ನ ದಡ್ಡತನಕ್ಕೆ ನಗು ಬರುತ್ತಿದೆ.

ಭಯವೂ ಇದೆ. ಸೆಕೆ ಹೆಚ್ಚಿದರೆ ನಾಲ್ಕು ದಿನ ಎರಡೂವರೆಯಾಗಬಹುದು. ಹಳೆಯ ಕೆಸರಿನ ಗುಂಡಿಯಲ್ಲಿ ಆ ಸೂಕ್ಷ್ಮಜೀವಿಗಳೇ ಇರುತ್ತವೆ, ಅದು ಬೇಡ, ತೊಳೆದ ಡ್ರಮ್ಮಿನಲ್ಲೇ ಕಲಸಿ. ಪೈಪು ಇಳಿಯುವವರೆಗೆ ಯಂತ್ರ ನಿಲ್ಲದಿರಲಿ. ನೀವು ವಾಪಸ್ ಕಳಿಸಿದ ಚೀಲ ಮತ್ತೆ ನಿಮ್ಮ ಕಡೆಗೇ ಹೊರಟಿದೆ. ನೀವು ಕೊರೆಯುವ ವಾರವೇ ನನ್ನನ್ನು ಪರೀಕ್ಷಾ ಕೆಲಸಕ್ಕೆ ಸಾಗರಕ್ಕೆ ಹಾಕಿದ್ದಾರೆ. ಹೊಟ್ಟೆ ಉರಿಯುತ್ತಿದೆ. ಒಂದನ್ನೂ ಬಿಡದೆ ಬರೆಯಿರಿ ಚಾಚಾ.

ಧನ್ಯಾ


ಶಿಕಾರಿಪುರ
9 ಮಾರ್ಚ್ 2025

ಧನ್ಯಾ ಅಮ್ಮಾ,

ಒಂದನ್ನೂ ಬಿಡುವುದಿಲ್ಲ.

ಸೋಮವಾರ ಬೆಳಿಗ್ಗೆ ಹಾಸ್ಟೆಲಿನ ಹಿಂದೆ, ಹಳೆಯ ಕುಳಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಮಷಿನ್ ನಿಲ್ಲಿಸಿದೆವು. ರಂಜಾನ್ ಶುರುವಾಗಿತ್ತು, ನಾನು, ಮೊಯಿನ್ ಇಬ್ಬರೂ ರೋಜಾ ಉಪವಾಸ ಇದ್ದೆವು. ಹಾಸ್ಟೆಲಿನ ಅಡುಗೆ ಗುತ್ಯಮ್ಮ ಮೊದಲ ದಿನವೇ ಸೊಂಟಕ್ಕೆ ಕೈಯಿಟ್ಟು ನಿಂತಳು. “ಇವ್ರೇ ಅಲ್ದ ಅವತ್ತು ನೀರಿಲ್ಲ ಅಂತ ಹೇಳಿ ಹೋದವ್ರು? ಈಗ ಎಂತಕ್ಕೆ ಬಂದ್ರು? ಅದೂ ಹಿಟ್ಟು ಹಿಡ್ಕಂಡು!” ಅಂದಳಂತೆ. ಮೊಯಿನ್ ನನಗೆ ಬರೆದು ತೋರಿಸಿದ. ನಾನು ಕಿವಿಯ ನೆಪದಲ್ಲಿ ತಪ್ಪಿಸಿಕೊಂಡೆ.

ಮೊದಲ ದಿನ ಎಪ್ಪತ್ತಡಿ ಹೋಯಿತು. ಮಂಗಳವಾರ ನೂರಹದಿನೈದು ಅಡಿಗೆ ಮತ್ತೆ ಅದೇ ಒದ್ದೆ ಮರಳು ಬಂತು. ನನ್ನ ಎದೆ ಹೊಡೆದುಕೊಂಡದ್ದು ನನ್ನ ಕಿವಿಗೇ ಕೇಳಿಸಿತು. ಆಗಲೇ ಪಂಪಿನ ಬೆಲ್ಟ್ ಹರಿಯಬೇಕೇ! ಸಿರ್ಸಿಯಿಂದ ಬೆಲ್ಟ್ ಬರುವವರೆಗೆ ಒಂಬತ್ತು ಗಂಟೆ ಯಂತ್ರ ನಿಂತಿತು. ಶೇಡಿ ಮಣ್ಣಿನ ಕುಳಿ, ಒಳಗೆ ನಿಮ್ಮ ಗಂಜಿ ಬಿಟ್ಟರೆ ಆಧಾರವಿಲ್ಲ. ನಾನು ಕುಳಿಯ ಬಾಯಲ್ಲೇ ಕೂತೆ. ಬೆಲ್ಟ್ ಹಾಕಿ ಅಳತೆ ಇಳಿಸಿದರೆ ಅರ್ಧ ಅಡಿಯೂ ಕುಸಿದಿರಲಿಲ್ಲ ಅಮ್ಮಾ. ಮೊಯಿನ್ ನನ್ನನ್ನು ತಬ್ಬಿಕೊಂಡ, ಮೈಯೆಲ್ಲ ಕೆಸರು.

ಬುಧವಾರ ನೂರಿಪ್ಪತ್ತೆಂಟು ಅಡಿ ಮುಗಿಸಿ, ತೂತಿನ ಪೈಪು ಇಳಿಸಿ, ಸುತ್ತ ಜಲ್ಲಿ ತುಂಬಿದೆವು. ಗುರುವಾರ ನೀರು ಎತ್ತಿ ನೋಡಿದರೆ ಬರೀ ಲೋಳೆ. ಗುತ್ಯಮ್ಮ ತಲೆಯಾಡಿಸಿ ಟ್ಯಾಂಕರಿನ ನೀರು ಹಿಡಿಯಲು ಹೋದಳು. ಹುಡುಗಿಯರು ಕೊಡ ಹಿಡಿದು ಸಾಲು ನಿಂತಿದ್ದನ್ನು ನೋಡಲಾರದೆ ನಾನು ಯಂತ್ರದ ಆ ಬದಿಗೆ ಹೋಗಿ ಕೂತೆ.

ಶುಕ್ರವಾರ ಬೆಳಿಗ್ಗೆ ಗುತ್ಯಮ್ಮ ಮೂಗು ಮುಚ್ಚಿಕೊಂಡು ಬಂದಳು. “ಸಾಬ್ರೆ, ಎಂತದಿದು? ದೋಸೆ ಹಿಟ್ಟು ಹುಳಿ ಬಂದಂಗೆ ನಾತ ಹೊಡೀತದೆ ನಿಮ್ ಬಾವಿ!” ಮೊಯಿನ್ ಅದನ್ನು ಬರೆದು ತೋರಿಸಿದಾಗ ನಾನು ಆಕೆಗೆ ಕೈಮುಗಿದೆ. ಆಕೆ ಗಾಬರಿಯಾದಳು. ಜುಮ್ಮಾ ನಮಾಜು ಮುಗಿಸಿ ಬಂದು ಪಂಪು ಹಚ್ಚಿದೆವು. ಮೊದಲು ಬೆಳ್ಳಗೆ ಬಂತು. ಆಮೇಲೆ ಮಣ್ಣು ಬಣ್ಣ. ನಾಲ್ಕು ಗಂಟೆಗೆ ತಿಳಿಯಾಯಿತು. ಆಮೇಲೆ ನಿಲ್ಲಲೇ ಇಲ್ಲ ಅಮ್ಮಾ! ಎರಡೂವರೆ ಇಂಚು ನೀರು! ಹುಡುಗಿಯರು ಯೂನಿಫಾರ್ಮಿನಲ್ಲೇ ಒದ್ದೆಯಾದರು, ವಾರ್ಡನ್ ಬೈಯಲು ಬಂದು ತಾವೂ ಒದ್ದೆಯಾದರು.

ಎಲ್ಲರೂ “ಕುಡೀರಿ ಸಾಬ್ರೆ, ಮೊದ್ಲು ನೀವು ಕುಡೀರಿ” ಅಂತ ಲೋಟ ಹಿಡಿದರು. ನಾನು ರೋಜಾ. ಆಗ ಗುತ್ಯಮ್ಮ ಆ ಲೋಟ ಇಸಕೊಂಡು ತಟ್ಟೆ ಮುಚ್ಚಿ ಕಟ್ಟೆಯ ಮೇಲೆ ಇಟ್ಟಳು. ಯಾರನ್ನೂ ಮುಟ್ಟಗೊಡಲಿಲ್ಲ. ಸೂರ್ಯ ಮುಳುಗಿದ ಮೇಲೆ ಒಂದು ಖರ್ಜೂರ ತಿಂದು ಆ ನೀರು ಕುಡಿದೆ. ಕುಡಿದು ವಾರ್ಡನ್ನರಿಗೆ, ಅಷ್ಟೂ ಹುಡುಗಿಯರಿಗೆ ಕೇಳುವಂತೆ ಹೇಳಿದೆ, “ಅವತ್ತು ನೀರಿತ್ತು. ನಾನೇ ಮುಚ್ಚಿದ್ದೆ. ತಪ್ಪು ನಂದು.” ಯಾರೇನೆಂದರೋ ನನಗೆ ಕೇಳಲಿಲ್ಲ. ಗುತ್ಯಮ್ಮ ಇನ್ನೊಂದು ಲೋಟ ತುಂಬಿಸಿ ಕೊಟ್ಟಳು.

ಅಳತೆಗಳನ್ನೆಲ್ಲ ಮೊಯಿನ್ ಬೇರೆ ಹಾಳೆಯಲ್ಲಿ ಬರೆದಿದ್ದಾನೆ. ವಾರ್ಡನ್ ಸಹಿ, ಸೀಲು ಹಾಕಿದ್ದಾರೆ. ಸಮಿತಿಗೆ ಕೊಡಿ.

ಮುನಾಫ್


ಸೊರಬ
27 ಮಾರ್ಚ್ 2025

ಚಾಚಾ,

ಆಯಿತು! ಒಪ್ಪಿದರು!

ನಿನ್ನೆ ಸಮಿತಿಯ ಹಿರಿಯರೊಬ್ಬರು ಕನ್ನಡಕ ಏರಿಸಿ, “ಇದು ಎಷ್ಟು ದಿನ ನಿಲ್ಲುತ್ತದೆ?” ಎಂದು ಕೇಳಿದರು. “ನಾಲ್ಕು ದಿನ ಸರ್. ಐದನೇ ದಿನ ನಿಂತರೆ ಅದು ನನ್ನ ಪುಡಿಯೇ ಅಲ್ಲ” ಎಂದೆ. ಮಾರ್ಗದರ್ಶಕರು ತಲೆ ತಗ್ಗಿಸಿ ನಕ್ಕರು. ಆಮೇಲೆ ಹಾಸ್ಟೆಲಿನ ಬಾವಿಯ ಹಾಳೆ ಒಬ್ಬರ ಕೈಯಿಂದ ಒಬ್ಬರಿಗೆ ಹೋಯಿತು. ಶೀರ್ಷಿಕೆಯಲ್ಲಿ ಎಣ್ಣೆ ಬಾವಿ ಎಂದಿದ್ದನ್ನು ನೀರಿನ ಬಾವಿ ಎಂದು ತಿದ್ದಿಕೊಂಡು ಬನ್ನಿ, ಬೇರೇನೂ ಬೇಡ ಎಂದರು. ನಿಮ್ಮ ಹೆಸರನ್ನು ಕೃತಜ್ಞತೆಯ ಪುಟದಲ್ಲಿ ಹಾಕಿಲ್ಲ ಚಾಚಾ. ಒಳಗೆ, ನಾಲ್ಕು ದಿನಕ್ಕೆ ಕರಗುವುದೇ ಇದರ ಗುಣ ಎಂದು ಕಂಡುಹಿಡಿದವರು ಯಾರು ಎಂಬಲ್ಲಿ ಹಾಕಿದ್ದೇನೆ.

ನಿಮಗೆ ಏನು ಕೊಡಲಿ? ಸಂಕೋಚವಿಲ್ಲದೆ ಕೇಳಿ. ಹಬ್ಬಕ್ಕೆ ನಿಮ್ಮ ಮನೆಗೆ ಬರಲೇಬೇಕೆಂದಿದ್ದೆ, ಉತ್ತರ ಪತ್ರಿಕೆಗಳ ರಾಶಿ ಬಿಡುತ್ತಿಲ್ಲ. ಎಲ್ಲರಿಗೂ ಮುಂಚಿತವಾಗಿ ಈದ್ ಮುಬಾರಕ್.

ಧನ್ಯಾ


ಶಿಕಾರಿಪುರ
1 ಏಪ್ರಿಲ್ 2025

ಮಗಳೇ ಧನ್ಯಾ,

ಹಬ್ಬ ಚೆನ್ನಾಗಿ ಆಯಿತು. ನಿಮ್ಮ ಕಾಗದವನ್ನು ಮೊಯಿನ್ ಬಂದವರಿಗೆಲ್ಲ ಓದಿ ಹೇಳಿದ. ನನ್ನ ಹೆಸರು ಇಂಗ್ಲಿಷ್ ಪುಸ್ತಕದಲ್ಲಿ ಹೇಗೆ ಕಾಣುತ್ತದೋ ನೋಡಬೇಕು ಎಂದು ಬೇಗಂಗೆ ಅವಸರ.

ಏನು ಕೊಡಲಿ ಎಂದಿರಿ. ಕೇಳುತ್ತೇನೆ. ನನಗೆ ಐದು ಕ್ವಿಂಟಾಲ್ ಪುಡಿ ಬೇಕು. ಒಂದೇ ಸಲಕ್ಕೆ ಬೇಡ, ಆದಂತೆಲ್ಲ ಕಳಿಸಿ. ನಿಮ್ಮ ಮಾವ ಮಲ್ಲಿಕಾರ್ಜುನ್ ಅವರಿಗೆ ಈ ವರ್ಷದ ಮೆಕ್ಕೆಜೋಳ ಮಾರಬೇಡಿ ಎಂದು ಹೇಳಿ.

ನಿನ್ನೆ ನಮಾಜು ಮುಗಿಸಿ ಬಂದು ಕೂತಾಗ ನೆನಪು ಮಾಡಿಕೊಂಡೆ. ಈ ಮೂವತ್ತೊಂದು ವರ್ಷದಲ್ಲಿ ಬೆಂಟೊನೈಟ್ ಹಾಕಿ ಕೊರೆದು, ನೀರಿಲ್ಲ ಎಂದು ನನ್ನ ಬಾಯಿಂದಲೇ ಹೇಳಿ ಬಂದ ಜಾಗಗಳು ಹಾಸ್ಟೆಲ್ ಬಿಟ್ಟು ಹದಿನಾಲ್ಕು. ಊರು, ಹೊಲ, ಗುರುತಿನ ಮರ ಎಲ್ಲವನ್ನೂ ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ಎಲ್ಲ ಕಡೆಯೂ ನೀರಿತ್ತು ಎನ್ನಲಾರೆ. ನಾಲ್ಕೈದು ಕಡೆಯಾದರೂ ಇತ್ತು, ಅದು ನನ್ನ ಕೈಗೆ ಗೊತ್ತು. ಮೊಯಿನ್ ಆ ಪಟ್ಟಿ ನೋಡಿ, “ಹದಿನಾಲ್ಕೂ ಕೊರೆಯಾಣ ಅಬ್ಬಾ” ಎಂದು ನನ್ನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದ.

ಮೊದಲು ಉಡುತಡಿಯ ಅಕ್ಕನಾಗಮ್ಮನ ಹೊಲ. ಹನ್ನೊಂದು ವರ್ಷದ ಹಿಂದೆ ಅಲ್ಲಿ ಮಷಿನ್ ಬಿಚ್ಚಿ, ನೀರಿಲ್ಲ ಎಂದು ಹೇಳಿದಾಗ ಆಕೆ ನನಗೆ ಒಂದು ಮಾತೂ ಬೈಯಲಿಲ್ಲ. “ಇಲ್ದಿದ್ರೆ ನೀವೇನ್ ಮಾಡ್ತೀರಿ ಸಾಬ್ರೆ, ಕೂತ್ಕಳ್ರೀ” ಅಂತ ಹೇಳಿ, ಬಿಸಿ ರೊಟ್ಟಿ ಬಡಿದು, ಹೊಟ್ಟೆ ತುಂಬ ಉಣ್ಣಿಸಿ ಕಳಿಸಿದಳು. ಮೊನ್ನೆ ವಿಚಾರಿಸಿದೆ, ಇನ್ನೂ ಗಟ್ಟಿಯಾಗಿದ್ದಾಳೆ. ಪುಡಿಯ ಜೊತೆ ಈ ಸಲ ನೀವೂ ಬನ್ನಿ. ಆಕೆ ಏನೆನ್ನುತ್ತಾಳೆಂದು ನನಗೆ ಬರೆದು ತೋರಿಸಲು ಒಬ್ಬರು ಬೇಕು.

ಮುನಾಫ್